ನನ್ನ ಕಾರ್ಡಿನ ಒಂಬತ್ತು ದಿನ

ನನ್ನ ರಜೆ ಅರ್ಜಿಯನ್ನು ಕಾರ್ಖಾನೆಯ ಪರ್ಸನೆಲ್ ಆಫೀಸರು ಎರಡೇ ಬೆರಳಲ್ಲಿ ಎತ್ತಿ ಹಿಡಿದರು, ಸತ್ತ ಇಲಿಯನ್ನು ಬಾಲ ಹಿಡಿದು ಎತ್ತಿದ ಹಾಗೆ.

"ಫುಟ್‌ಬಾಲ್ ಗೊತ್ತು. ಇದೇನಯ್ಯಾ ಫುಟ್ಸಾಲ್?"

"ಒಳಾಂಗಣದಲ್ಲಿ ಆಡೋದು ಸಾರ್. ಒಂದು ಕಡೆಗೆ ಐದೇ ಜನ. ಮರದ ನೆಲ, ಸಣ್ಣ ಚೆಂಡು, ಜಾಸ್ತಿ ಪುಟಿಯಲ್ಲ. ಖಂಡದ ಅರ್ಹತಾ ಪಂದ್ಯಾವಳಿ ಇದೆ. ದೇಶದ ತಂಡದಲ್ಲಿ ನನ್ನ ಹೆಸರು ಬಂದಿದೆ."

"ಐದು ಜನ ಆಡಿದ್ರೆ ಅಂತರರಾಷ್ಟ್ರೀಯ ಆಟ ಅಂತೀಯ. ನಾಲ್ಕು ಜನ ಹೊತ್ಕೊಂಡು ಹೋಗೋದನ್ನೂ ಆಟ ಅಂದುಬಿಡು ಹಾಗಾದ್ರೆ."

ಗುಮಾಸ್ತರಿಬ್ಬರು ನಕ್ಕರು. ಸಾಹೇಬರು ನಕ್ಕಾಗ ನಗುವುದೂ ಅವರ ಕೆಲಸದ ಒಂದು ಭಾಗ, ಅದಕ್ಕೆ ಬೇರೆ ಭತ್ಯೆ ಇಲ್ಲ.

"ತರಬೇತಿ ಶಿಬಿರ ಅಂತ ವರ್ಷದ ರಜೆಯೆಲ್ಲಾ ನುಂಗಿ ನೀರು ಕುಡಿದಿದ್ದೀಯ," ಎಂದು ಅವರು ಅರ್ಜಿಯನ್ನು ನನ್ನ ಕಡೆ ತಳ್ಳಿದರು. "ದೇಶ ನಿನ್ನನ್ನ ಕರೆದಿರಬಹುದು. ಮೂರನೇ ನಂಬರ್ ಮೆಷಿನ್ ಕಳಿಸಿಕೊಡಲ್ಲ."

ನಮ್ಮದು ಗಾಜಿನ ಬಾಟಲಿಯ ಕಾರ್ಖಾನೆ. ಕುಲುಮೆ ಹೊತ್ತಿಸಿ ಹನ್ನೊಂದು ವರ್ಷವಾಗಿತ್ತು. ಒಂದು ಗಳಿಗೆಯೂ ಆರಿರಲಿಲ್ಲ. ಮೇಲಿನಿಂದ ಕರಗಿದ ಗಾಜು ನಿಂಬೆಹಣ್ಣಿನ ಗಾತ್ರದ ಕೆಂಪು ಉಂಡೆಯಾಗಿ ಬೀಳುತ್ತದೆ. ಕೆಳಗೆ ಅಚ್ಚು ಬಾಯಿ ತೆರೆಯುತ್ತದೆ, ಮುಚ್ಚುತ್ತದೆ, ಊದುತ್ತದೆ, ಬಾಟಲಿಯೊಂದನ್ನು ಉಗುಳುತ್ತದೆ. ಗಾಜು ಅಚ್ಚಿಗೆ ಕಚ್ಚಿಕೊಳ್ಳದಿರಲು ಕಾಲು ಗಂಟೆಗೊಮ್ಮೆ ಅದರೊಳಗೆ ಗ್ರೀಸು ಸವರಬೇಕು. ಮೆಷಿನ್ ನಿಲ್ಲಿಸಿ ಸವರಿದರೆ ಉತ್ಪಾದನೆ ಬೀಳುತ್ತದೆ, ಹಾಗಾಗಿ ನಿಲ್ಲಿಸುವಂತಿಲ್ಲ. ಅಚ್ಚು ತೆರೆದು ಮುಚ್ಚುವ ನಡುವೆ, ಎರಡು ಉಸಿರಿನಷ್ಟು ಹೊತ್ತಿನಲ್ಲಿ ಬ್ರಶ್ಶು ಒಳಹೊಕ್ಕು ಹೊರಗೆ ಬರಬೇಕು. ಆ ಬ್ರಶ್ಶಿನ ಹಿಂದೆ ಒಂದು ಕೈ ಇರುತ್ತದೆ ಎನ್ನುವುದು ಮೆಷಿನ್ನಿಗೆ ಗೊತ್ತಿಲ್ಲ. ಮೆಷಿನ್ ಕೊಂಡವರಿಗೆ ಗೊತ್ತಿದೆ.

ಗೊತ್ತಿದೆ ಎನ್ನುವುದಕ್ಕೆ ಸಾಕ್ಷಿ ಒಂದು ಕಬ್ಬಿಣದ ಸರಳು. ಕೈ ತೀರಾ ಮುಂದೆ ಹೋದರೆ ಅದು ಮೊಳಕೈಗೆ ತಗಲಿ, ಸಾಕು ಎನ್ನುತ್ತದೆ. ಎಲ್ಲಾ ಮೆಷಿನ್ನಿಗೂ ಸರಳು ಇರುವುದು ಬಲಗಡೆ. ನಾನು ಎಡಚ. ಒದೆಯುವುದೂ ಎಡಗಾಲಲ್ಲಿ, ಸವರುವುದೂ ಎಡಗೈಯಲ್ಲಿ. ನಾನು ಸೇರಿದ ಎರಡನೇ ವರ್ಷ ಫೋರ್ಮನ್ ತಾವೇ ನಿಂತು ಸ್ಪ್ಯಾನರ್ ಹಿಡಿಸಿ ಮೂರನೇ ಮೆಷಿನ್ನಿನ ಸರಳನ್ನು ಎಡಕ್ಕೆ ಹಾಕಿಸಿದರು. ಅವತ್ತಿನಿಂದ ನನ್ನ ಪಾಳಿಯಲ್ಲಿ ಬಾಟಲಿ ಜಾಸ್ತಿ ಬಂತು, ಮೇಲಿನವರು ಫೋರ್ಮನ್ನರ ಬೆನ್ನು ತಟ್ಟಿದರು. ಬೆಳಗಿನ ಪಾಳಿಯವನೂ ಎಡಚನೇ ಆಗಿದ್ದರಿಂದ, ರಾತ್ರಿ ಪಾಳಿಯಲ್ಲಿ ಆ ಮೆಷಿನ್ ಓಡದಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ. ಎಡಕ್ಕೆ ಹೋದ ಸರಳು ಯಾವ ಕಾಗದದಲ್ಲೂ ಇರಲಿಲ್ಲ. ಎಲ್ಲರ ಕಣ್ಣಲ್ಲೂ ಇತ್ತು.

ರಜೆ ಸಿಗಲಿಲ್ಲ ಎಂದಾಗ ಉಪಾಯ ಹೇಳಿದವರು ನನ್ನ ಭಾವ, ಅಕ್ಕನ ಗಂಡ. ಅವರು ಐದನೇ ಮೆಷಿನ್ನಿನಲ್ಲಿ ಬೆಳಗಿನ ಪಾಳಿ, ಆರರಿಂದ ಎರಡು. ನನ್ನದು ಎರಡರಿಂದ ಹತ್ತು. ಕ್ಯಾಂಟೀನಿನಲ್ಲಿ ಊಟದ ಡಬ್ಬಿ ಮುಚ್ಚುತ್ತಾ ಅಂದರು:

"ನಿನ್ನ ಹಾಜರಿ ಕಾರ್ಡ್ ನನ್ನ ಕೈಗೆ ಕೊಟ್ಟು ಹೋಗು. ನನ್ನ ಪಾಳಿ ಮುಗಿಸಿ ನಿನ್ನದಕ್ಕೆ ನಿಲ್ತೀನಿ."

"ಹದಿನಾರು ಗಂಟೆ ಭಾವ!"

"ಎಂಟು ದಿನ ತಾನೆ? ನಿಮ್ಮಕ್ಕನ ಜೊತೆ ಹನ್ನೆರಡು ವರ್ಷ ತೆಗೆದಿದ್ದೀನಿ. ಎಂಟು ದಿನ ಯಾವ ಲೆಕ್ಕ?"

ನಾನೂ ನಕ್ಕುಬಿಟ್ಟೆ. ಭಾವ ಹಾಗೆಯೇ. ಭಾನುವಾರ ಸಂಘದ ಕೋಣೆಯಲ್ಲಿ ಹತ್ತು ಜನರನ್ನು ಕೂರಿಸಿಕೊಂಡು ಕಾರ್ಮಿಕ ಕಾಯಿದೆಯ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಿದ್ದ ಮನುಷ್ಯ. ಆರನೇ ಪುಟಕ್ಕೆ ಬರುವಷ್ಟರಲ್ಲಿ ಅರ್ಧ ಜನ ನಗುತ್ತಿರುತ್ತಿದ್ದರು, ಇನ್ನರ್ಧ ಜನ ಎದ್ದು ಜಗಳಕ್ಕೆ ನಿಂತಿರುತ್ತಿದ್ದರು. ಕಾಯಿದೆಯನ್ನು ಬಲ್ಲವರೇ ಕಾಯಿದೆ ಮುರಿಯಲು ಹೊರಟಿದ್ದರು, ನನ್ನ ಆಟಕ್ಕಾಗಿ.

ಫೋರ್ಮನ್ನರಿಗೆ ಹೇಳಿದೆವು. ಅವರು ಆಕಳಿಸಿದ ಹಾಗೆ ಮಾಡಿ, "ಮುಖಕ್ಕೆ ಮರೆ, ತಲೆಗೆ ಟೊಪ್ಪಿ ಹಾಕ್ಕೊಂಡ ಮೇಲೆ ಎಲ್ಲಾ ಒಂದೇ ಕಾಣ್ತೀರಪ್ಪ. ನನ್ನ ಕಣ್ಣೂ ಮೊದಲಿನ ಹಾಗಿಲ್ಲ," ಅಂದರು. ಅದು ಒಪ್ಪಿಗೆ.

ಅಕ್ಕನೊಬ್ಬಳೇ ಒಪ್ಪಲಿಲ್ಲ. ಹೊಲಿಗೆ ಮೆಷಿನ್ನಿನಿಂದ ತಲೆ ಎತ್ತದೆ, "ಆಟ ನಿನ್ನದು, ಬೆವರು ಇವರದ್ದು," ಅಂದಳು. ಆಮೇಲೆ ದಾರ ಕಡಿದು, "ಹೋಗ್ತೀಯ ಅಂತ ಗೊತ್ತು. ಗೆದ್ದು ಬಾ. ಸೋತು ಬಂದ್ರೆ ಈ ಹೊಸ್ತಿಲು ತುಳೀಬೇಡ," ಎಂದು ನಕ್ಕಳು. ನನ್ನ ಬೂಟಿನ ಲೇಸು ಹೊಸದು ಹಾಕಿಟ್ಟವಳೂ ಅವಳೇ.

ಹೊರಡುವ ದಿನ ಕೊನೆಯ ಸಲ ಮೆಷಿನ್ನಿನ ಮುಂದೆ ನಿಂತಾಗ ಸರಳಿನ ಯೋಚನೆ ಬಂತು. ಭಾವ ಬಲಗೈಯವರು. ನಾಲ್ಕು ಬೋಲ್ಟು ಬಿಚ್ಚಿ ಬಲಕ್ಕೆ ಹಾಕಿಸಿದರೆ ಮುಗಿಯಿತು, ಹತ್ತು ನಿಮಿಷದ ಕೆಲಸ. ಫಿಟ್ಟರು ಊಟಕ್ಕೆ ಹೋಗಿದ್ದ. ನನಗೆ ಬಸ್ಸಿಗೆ ಹೊತ್ತಾಗಿತ್ತು. ಭಾವ ಹಳಬರು, ನೋಡಿಕೊಳ್ಳುತ್ತಾರೆ ಅಂದುಕೊಂಡೆ. ಇದನ್ನು ಬರೆಯುವಾಗಲೂ ಆ ಹತ್ತು ನಿಮಿಷದ ಮುಂದೆ ನನ್ನ ಪೆನ್ನು ನಿಲ್ಲುತ್ತದೆ.

ಪಂದ್ಯಾವಳಿ ನಡೆದದ್ದು ಹೊರದೇಶದ ಒಂದು ಊರಿನಲ್ಲಿ. ನಾಲ್ಕು ದೇಶದ ಗುಂಪು, ಮೂರು ಪಂದ್ಯ, ಮೊದಲೆರಡು ಸ್ಥಾನದವರು ಖಂಡದ ಅಂತಿಮ ಸುತ್ತಿಗೆ. ಎದುರಾಳಿಗಳಿಗೆ ಇದೇ ವೃತ್ತಿ. ನಮ್ಮಲ್ಲಿ ಗೋಲು ಕಾಯುವ ಗೋಲಿ ಬಸ್ ಕಂಡಕ್ಟರ್, ನಾಯಕ ಬಣ್ಣ ಬಳಿಯುವವನು, ಒಬ್ಬ ಟೈಲ್ಸ್ ಹಾಕುವವನು, ತರಬೇತುದಾರರು ಶಾಲೆಯ ಡ್ರಾಯಿಂಗ್ ಮೇಷ್ಟ್ರು. ಗೋಲಿನ ಕಡೆ ಬೆನ್ನು ಮಾಡಿ ನಿಂತು, ಚೆಂಡು ಬಂದೊಡನೆ ಗಿರ್ರನೆ ತಿರುಗುವುದು ನನ್ನ ಕಸುಬು. ಅದಕ್ಕೇ ತಂಡದಲ್ಲಿ ನನಗೆ ಬುಗುರಿ ಎಂದು ಹೆಸರು. ಫುಟ್ಸಾಲ್ ಒಕ್ಕೂಟ ಎಲ್ಲರಿಗೂ ದೇಶದ ಹೆಸರಿನ ಟ್ರ್ಯಾಕ್‌ಸೂಟ್ ಕೊಟ್ಟಿತ್ತು. ವಾಪಸ್ ಬಂದ ಮೇಲೆ ಒಗೆದು ಹಿಂತಿರುಗಿಸಬೇಕು ಎಂದು ಸಹಿಯನ್ನೂ ಹಾಕಿಸಿಕೊಂಡಿತ್ತು. ದೇಶಪ್ರೇಮವೂ ಬಾಡಿಗೆಗೆ.

ಈ ಆಟದಲ್ಲಿ ಆಟಗಾರರ ಬದಲಾವಣೆಗೆ ಆಟ ನಿಲ್ಲುವುದಿಲ್ಲ. ಎಷ್ಟು ಸಲ ಬೇಕಾದರೂ ಬದಲಾಗಬಹುದು. ಹೊರಗಿರುವವನು ಅಂಗಿಯ ಮೇಲೆ ತೋಳಿಲ್ಲದ ಬಣ್ಣದ ಬನಿಯನು ಹಾಕಿಕೊಂಡಿರುತ್ತಾನೆ. ಅದನ್ನು ಹೊರಬರುವವನ ಕೈಗಿತ್ತ ಮೇಲಷ್ಟೇ ಒಳಗೆ ಕಾಲಿಡಬೇಕು. ಹೊಸಬರು ಇದರಲ್ಲಿ ಎಡವುತ್ತಾರೆ. ನಾನು ಒಂದು ಸಲವೂ ತಪ್ಪಲಿಲ್ಲ. ನಮ್ಮ ಕಾರ್ಖಾನೆಯಲ್ಲೂ ಬಂದವನು ಬ್ರಶ್ಶು ಕೈಗೆ ತೆಗೆದುಕೊಳ್ಳದೆ ಇದ್ದವನು ಜಾಗ ಬಿಡುವ ಹಾಗಿಲ್ಲ. ಮೇಷ್ಟ್ರು ಎಲ್ಲರಿಗೂ ನನ್ನನ್ನೇ ತೋರಿಸಿ, "ನೋಡಿ ಕಲೀರಿ, ಇವನು ಹುಟ್ಟು ಪಾಳಿಯವನು," ಎನ್ನುತ್ತಿದ್ದರು.

ಮೊದಲ ಪಂದ್ಯ ಮೂರು-ಎರಡರಲ್ಲಿ ಗೆದ್ದೆವು. ಎರಡನೆಯದರಲ್ಲಿ ನಾಲ್ಕು-ಒಂದರ ಪೆಟ್ಟು. ಏಳನೇ ದಿನದ ಕೊನೆಯ ಪಂದ್ಯದಲ್ಲಿ ಸಮ ಮಾಡಿಕೊಂಡರೂ ಸಾಕಿತ್ತು. ಆ ಬೆಳಿಗ್ಗೆ ನೋಡಿದರೆ ಏರ್ ಕಂಡೀಷನರಿನ ನೀರು ಸೋರಿ ಸಭಾಂಗಣದ ಮರದ ನೆಲ ಒಂದು ಮೂಲೆಯಲ್ಲಿ ಉಬ್ಬಿತ್ತು. ಹಲಗೆ ಬದಲಾಯಿಸಬೇಕು, ಪಂದ್ಯ ಎರಡು ದಿನ ಮುಂದಕ್ಕೆ ಎಂದರು. ಅಲ್ಲಿ ನೆಲ ಉಬ್ಬಿದರೆ ಆಟ ನಿಲ್ಲಿಸುತ್ತಾರೆ. ಹಾಳಾದ್ದನ್ನು ಸರಿಮಾಡುವವರೆಗೆ ಕಾಯುವುದು ಅವರಿಗೆ ಸಹಜವಾಗಿ ಕಂಡಿತು. ನನಗೆ ಅದು ಬೇರೆ ಲೋಕದ ಪದ್ಧತಿಯಂತೆ ಕಂಡಿತು.

ಮೇಷ್ಟ್ರು ಎಲ್ಲರನ್ನೂ ಕೂರಿಸಿಕೊಂಡರು. "ಯಾರಿಗಾದ್ರೂ ಕೆಲಸದ ತೊಂದರೆ ಇದ್ರೆ ಈಗಲೇ ಹೇಳಿ. ಟಿಕೆಟ್ ಮಾಡಿಸ್ತೀನಿ. ತಪ್ಪು ತಿಳ್ಕೊಳ್ಳಲ್ಲ. ಹದಿನಾಲ್ಕು ಜನ ಇದ್ದೀವಿ, ಆಡೋಕೆ ಐದು ಸಾಕು."

ಟೈಲ್ಸ್ ಹಾಕುವವನು ಎದ್ದು ಕೈಮುಗಿದು ಹೊರಟುಹೋದ. ಮೇಷ್ಟ್ರು ನನ್ನ ಕಡೆ ನೋಡಿದರು. ನಾನು ಬೂಟಿನ ಲೇಸು ಕಟ್ಟುತ್ತಿದ್ದೆ.

ಆಮೇಲೆ ಭಾವನಿಗೆ ಫೋನ್ ಮಾಡಿದೆ. ಊರಲ್ಲಿ ಆಗ ಬೆಳಗಿನ ಐದೂವರೆ, ಅವರು ಬಸ್ ನಿಲ್ದಾಣದಲ್ಲಿದ್ದರು.

"ಭಾವ, ಇನ್ನೆರಡು ದಿನ ಜಾಸ್ತಿ ಆಗುತ್ತೆ."

ಆ ಕಡೆ ಬಸ್ಸೊಂದು ಹಾದುಹೋದ ಸದ್ದು.

"ಭಾವ?"

"ಹ್ಞಾ, ಇದ್ದೀನಿ. ನಿಂತಲ್ಲೇ ಜೋಂಪು ಹತ್ತಿತ್ತು ಕಣೋ. ಕುದುರೆ ಆಗಿಬಿಟ್ಟಿದ್ದೀನಿ." ನಕ್ಕರು, ನಗು ಅರ್ಧಕ್ಕೆ ಕೆಮ್ಮಾಯಿತು. "ಎಷ್ಟು ದಿನ ಅಂದೆ?"

"ಎರಡು. ಕಷ್ಟ ಆಗುತ್ತೆ ಅಂದ್ರೆ ಹೇಳಿ, ಬಂದುಬಿಡ್ತೀನಿ."

ಇಲ್ಲ ಎನ್ನಲು ಬಾರದವರ ಮುಂದೆ 'ಬೇಡ ಅಂದ್ರೆ ಹೇಳಿ' ಎನ್ನುವುದಕ್ಕಿಂತ ನಯವಾದ ದರೋಡೆ ಇಲ್ಲ. ನಾನು ಅದನ್ನೇ ಮಾಡಿದೆ.

"ಅಲ್ಲಿವರೆಗೂ ಹೋಗಿ ಬಾಗಿಲಿಂದ ವಾಪಸ್ ಬರ್ತಾರೇನೋ? ಆಡು. ನಮ್ಮವರೆಲ್ಲಾ ಕ್ಯಾಂಟೀನ್ ಟೀವಿ ಮುಂದೆ ಕೂರೋಕೆ ಈಗಲೇ ಜಾಗ ಹಿಡೀತಿದ್ದಾರೆ." ಮತ್ತೆ ಅಂದರು, "ನಿನ್ನ ಮೆಷಿನ್ ಒಂದು ಪಿಶಾಚಿ ನೋಡು. ಎಲ್ಲಾ ಉಲ್ಟಾ. ನನ್ನ ಬಲಗೈ ಹೋಗಿ ಹೋಗಿ ಆ ಸರಳನ್ನ ಹುಡುಕುತ್ತೆ. ಅಲ್ಲಿ ಏನೂ ಇಲ್ಲ."

ಫೋರ್ಮನ್ನರಿಗೆ ಹೇಳಿ ಬಲಕ್ಕೆ ಹಾಕಿಸಿಕೊಳ್ಳಿ, ಇವತ್ತೇ ಹಾಕಿಸಿಕೊಳ್ಳಿ — ಇಷ್ಟೇ ಮಾತು. ನಾಲಿಗೆಯ ತುದಿಗೂ ಬಂದಿತ್ತು. ಸರಳು ತೆಗೆದರೆ ಯಾಕೆ ತೆಗೆದಿರಿ ಎಂದು ಯಾರಾದರೂ ಕೇಳಿಯಾರು, ಕಾರ್ಡಿನ ಗುಟ್ಟು ಬಯಲಾದೀತು, ನನ್ನ ಪಂದ್ಯ ತಪ್ಪೀತು ಎಂದು ಅಷ್ಟರಲ್ಲೇ ಲೆಕ್ಕ ಹಾಕಿದೆ.

"ಹುಷಾರಾಗಿರಿ ಭಾವ," ಅಂದೆ.

"ಬಸ್ ಬಂತು. ಇಡ್ತೀನಿ."

ಒಂಬತ್ತನೇ ದಿನ. ನಮ್ಮ ಊರಿನ ಗಡಿಯಾರದಲ್ಲಿ ಸಂಜೆ ನಾಲ್ಕೂವರೆಗೆ ಪಂದ್ಯ ಶುರುವಾಯಿತು. ಎದುರಿಗಿದ್ದವರು ಚೆಂಡನ್ನು ದಾರ ಕಟ್ಟಿ ಎಳೆಯುವವರ ಹಾಗೆ ಆಡಿದರು. ಆದರೆ ನಮ್ಮ ಕಂಡಕ್ಟರ್ ಅವತ್ತು ಗೋಡೆಯಾಗಿದ್ದ. ಗೋಲಿನ ಮುಂದೆ ನಿಂತು, "ಮುಂದೆ ಹೋಗಿ, ಮುಂದೆ ಹೋಗಿ, ಬಾಗಿಲಲ್ಲಿ ನಿಲ್ಲಬೇಡಿ!" ಎಂದು ನಮ್ಮವರನ್ನೇ ಗದರುತ್ತಿದ್ದ. ಇಪ್ಪತ್ತು ನಿಮಿಷದ ಎರಡನೇ ಅವಧಿಯಲ್ಲಿ ಹದಿನೆಂಟು ಮುಗಿದಾಗ ಮೂರು-ಎರಡರಲ್ಲಿ ಹಿಂದಿದ್ದೆವು. ಮೇಷ್ಟ್ರು ಕಂಡಕ್ಟರನನ್ನೇ ಹೊರಗೆ ಕರೆದು, ಗೋಲಿಯ ಅಂಗಿ ತೊಡಿಸಿ ನಾಯಕನನ್ನು ಒಳಕ್ಕೆ ಕಳಿಸಿದರು. ಐವರೂ ದಾಳಿಗೆ, ಹಿಂದೆ ಗೋಲು ಖಾಲಿ. ಸೋಲುವವರು ಕೊನೆಗೆ ಆಡುವ ಜೂಜು ಅದು.

ಮೂವತ್ತೆಂಟು ಸೆಕೆಂಡು ಉಳಿದಿದ್ದಾಗ ಚೆಂಡು ನನ್ನ ಕಾಲಿಗೆ ಬಂತು. ಬೆನ್ನಿಗೆ ಒಬ್ಬ ಅಂಟಿಕೊಂಡಿದ್ದ. ಚೆಂಡಿನ ಮೇಲೆ ಅಂಗಾಲಿಟ್ಟು ಬಲಕ್ಕೆ ತೋರಿಸಿ ಎಡಕ್ಕೆ ತಿರುಗಿದೆ. ಒದೆಯಲು ಜಾಗವಿರಲಿಲ್ಲ. ಬೂಟಿನ ತುದಿಯಿಂದ ಚುಚ್ಚಿದೆ. ಗೋಲಿಯ ಎರಡು ಕಾಲಿನ ನಡುವೆ ಹೋಯಿತು.

ಮೂರು-ಮೂರು. ಬಜರ್ ಆದಾಗ ಹದಿಮೂರು ಜನ ಒಬ್ಬರ ಮೇಲೊಬ್ಬರು ಬಿದ್ದೆವು. ಕಂಡಕ್ಟರ್ ಎಲ್ಲರಿಗಿಂತ ಕೆಳಗೆ ಸಿಕ್ಕಿಕೊಂಡು, "ಸೀಟಿಲ್ಲ, ಸೀಟಿಲ್ಲ, ಮುಂದಿನ ಬಸ್ಸಿಗೆ ಬನ್ನಿ!" ಎಂದು ಕಿರುಚುತ್ತಿದ್ದ. ನಾನು ಜೀವನದಲ್ಲಿ ಅಷ್ಟು ನಕ್ಕಿರಲಿಲ್ಲ. ಅಷ್ಟು ನಗುತ್ತಿದ್ದಾಗ ಊರಿನ ಗಡಿಯಾರ ಆರು ಗಂಟೆಯ ಹತ್ತಿರವಿತ್ತು.

ಅಕ್ಕನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಭಾವ ಪಾಳಿಯಲ್ಲಿರುತ್ತಾರೆ ಅಂದುಕೊಂಡೆ.

ಮರುದಿನ ಮಧ್ಯಾಹ್ನ ವಿಮಾನ ನಿಲ್ದಾಣದಲ್ಲಿ ಒಕ್ಕೂಟದವನೊಬ್ಬ ರಟ್ಟಿನ ಡಬ್ಬ ಹಿಡಿದು ನಿಂತಿದ್ದ, ಟ್ರ್ಯಾಕ್‌ಸೂಟುಗಳನ್ನು ಎಣಿಸಿಕೊಳ್ಳಲು. ಒಗೆಯುವವರೆಗೂ ಕಾಯುವ ನಂಬಿಕೆ ಅವನಿಗಿರಲಿಲ್ಲ. ಅವನ ಪಕ್ಕದಲ್ಲಿ ಹೂಗುಚ್ಛ ಹಿಡಿದು ನಿಂತಿದ್ದವರನ್ನು ನೋಡಿ ನನಗೆ ಕಣ್ಕಟ್ಟು ನೋಡಿದ ಹಾಗಾಯಿತು. ನಮ್ಮ ಪರ್ಸನೆಲ್ ಆಫೀಸರು. ಜೊತೆಗೊಬ್ಬ ಫೋಟೋಗ್ರಾಫರ್.

"ನಮ್ಮ ಹುಡುಗ!" ಎಂದು ಭುಜದ ಮೇಲೆ ಕೈ ಹಾಕಿದರು. ಫೋಟೋ ಆಯಿತು. ಕಂಪನಿಯ ಕಾರಿನಲ್ಲಿ ಕೂರಿಸಿದರು. ಕಾರು ಗೇಟು ದಾಟಿದ ಮೇಲೆ ಅವರ ದನಿ ಇಳಿಯಿತು.

"ನಿನ್ನೆ ಸಂಜೆ ಆರರ ಹೊತ್ತಿಗೆ ಒಂದು ಅವಘಡ ಆಯ್ತು. ಮೂರನೇ ಮೆಷಿನ್ನಲ್ಲಿ."

"ಭಾವ...?"

"ಪ್ರಾಣಕ್ಕೇನೂ ಅಪಾಯ ಇಲ್ಲ. ಬಲಗೈ ಅಚ್ಚಿಗೆ ಸಿಕ್ಕಿದೆ. ನಾಲ್ಕು ಬೆರಳು ಉಳಿದಿಲ್ಲ. ಒಳ್ಳೇ ಆಸ್ಪತ್ರೆಗೇ ಸೇರಿಸಿದ್ದೀವಿ."

"ಆಸ್ಪತ್ರೆಗೆ ಬಿಡಿ ಸಾರ್ ನನ್ನನ್ನ."

"ಬಿಡ್ತೀನಪ್ಪ. ಮೊದಲು ಆಫೀಸು, ಐದು ನಿಮಿಷ." ಬೆಣ್ಣೆಯಿಂದ ಕೂದಲೆಳೆದ ಹಾಗೆ ಮಾತು. "ಯೋಚನೆ ಮಾಡು. ದಾಖಲೆ ಪ್ರಕಾರ ನಿನ್ನೆ ಸಂಜೆ ಆ ಮೆಷಿನ್ ಮುಂದೆ ನಿಂತಿದ್ದವನು ನೀನು. ನಿನ್ನ ಕಾರ್ಡ್ ಒತ್ತಿದೆ. ಅದೇ ಹೊತ್ತಿಗೆ ನೀನು ಗೋಲು ಹೊಡೆದದ್ದನ್ನ ಇಡೀ ದೇಶ ಟೀವಿಯಲ್ಲಿ ನೋಡಿದೆ. ಎರಡೂ ಕಡೆ ಇರೋಕೆ ನೀನೇನು ದೇವರಾ?"

ಆಫೀಸಿನಲ್ಲಿ ಕಾಗದ ಸಿದ್ಧವಾಗಿತ್ತು. ಅದರ ಪ್ರಕಾರ ಕಂಪನಿ ನನಗೆ ತಿಂಗಳ ಹಿಂದೆಯೇ ವಿಶೇಷ ಕ್ರೀಡಾ ರಜೆ ಕೊಟ್ಟಿತ್ತು. ನನ್ನ ಕಾರ್ಡನ್ನು ಯಾರೋ ನನಗೆ ತಿಳಿಯದಂತೆ ಬಳಸಿದ್ದರು. ಮೆಷಿನ್ನಿನ ಸರಳು ನಾನು ಹೋಗುವಾಗ ಇರಬೇಕಾದ ಕಡೆಯೇ ಇತ್ತು.

"ಸಾರ್, ಸರಳು ಎಡಗಡೆ ಇತ್ತು. ಫೋರ್ಮನ್ ಅವರೇ..."

"ಈಗ ಹೋಗಿ ನೋಡು, ಬಲಗಡೆನೇ ಇದೆ." ಅವರು ಪೆನ್ನಿನ ಮುಚ್ಚಳ ತೆಗೆದರು. "ಸಹಿ ಹಾಕಿದ್ರೆ ಇಬ್ಬರಲ್ಲಿ ಒಬ್ಬನ ಕೆಲಸ ಉಳಿಯುತ್ತೆ. ಹಾಕದಿದ್ರೆ ಸುಳ್ಳು ಹಾಜರಿ ಅಂತ ಇಬ್ಬರದ್ದೂ ಹೋಗುತ್ತೆ. ಆಗ ನಿಮ್ಮಕ್ಕನ ಮನೆ ಯಾರು ನೋಡ್ಕೋತಾರೆ? ಅಂತಿಮ ಸುತ್ತಿಗೆ ಹೋಗಬೇಡವಾ? ನಾವೇ ಕಳಿಸ್ತೀವಿ, ಪೂರ್ತಿ ಸಂಬಳದ ಮೇಲೆ."

ಅಕ್ಕನ ಮನೆಗಾಗಿ ಸಹಿ ಹಾಕಿದೆ ಎಂದು ಎಷ್ಟೋ ತಿಂಗಳು ನನಗೆ ನಾನೇ ಹೇಳಿಕೊಂಡೆ. ಈಗ ಹೇಳುತ್ತೇನೆ: ಅವರ ಮಾತಿನಲ್ಲಿ ನನ್ನ ಕಿವಿಗೆ ಮೊದಲು ಬಿದ್ದದ್ದು ಅಂತಿಮ ಸುತ್ತು. ಭಾವನ ಮುಖ ನೋಡುವ ಮೊದಲೇ ಸಹಿ ಹಾಕಿದೆ. ನೋಡಿದ್ದರೆ ಹಾಕುತ್ತಿರಲಿಲ್ಲವೇನೋ. ಅದು ಆ ಆಫೀಸರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಯ ಸಾಮಾನ್ಯ ವಾರ್ಡು. ಭಾವನ ಬಲಗೈ ದಿಂಬಿನ ಮೇಲೆ ಬಿಳಿ ಬಟ್ಟೆಯ ಗಂಟಾಗಿ ಕೂತಿತ್ತು. ನನ್ನನ್ನು ನೋಡಿದ್ದೇ ಅವರ ಮುಖ ಅರಳಿತು.

"ನೋಡಿದೆ ಕಣೋ ಗೋಲು! ನರ್ಸಮ್ಮ ಫೋನಲ್ಲಿ ತೋರಿಸಿದ್ರು. ಆ ಪುಣ್ಯಾತ್ಮನ ಕಾಲ್ ಸಂದಿಯಲ್ಲಿ! ಇನ್ನು ಜನ್ಮದಲ್ಲಿ ಕಾಲು ಅಗಲಿಸಿ ನಿಲ್ಲಲ್ಲ ಅವನು."

ನಾನು ಮಂಚದ ಅಂಚಿಗೆ ಹಣೆ ಹಚ್ಚಿ ಅತ್ತೆ. ಅವರೇ ಮುಂದುವರಿಸಿದರು. "ಅಳಬೇಡ. ತಪ್ಪು ನಿನ್ನದಲ್ಲ. ಒಂಬತ್ತು ದಿನದ ನಿದ್ದೆ ಒಂದೇ ಸಲ ಬಂತು. ಕೈ ಸರಳಿಗೆ ತಗಲುತ್ತೆ ಅಂತ ನಂಬಿ ಹೋಯ್ತು." ಮೆಲ್ಲಗೆ ಹತ್ತಿರ ಕರೆದರು. "ಸಂಘದ ಕಾರ್ಯದರ್ಶಿ ಬಂದಿದ್ರು. ಕಂಪನಿಯವರು ಏನೋ ಕಾಗದ ತರ್ತಾರಂತೆ. ನೀನು ಸಹಿ ಹಾಕಬೇಡ, ಅಷ್ಟೇ. ಫೋರ್ಮನ್‌ಗೆ ಎಲ್ಲಾ ಗೊತ್ತಿತ್ತು, ಸರಳು ಅವರೇ ತಿರುಗಿಸಿದ್ದು ಅಂತ ನೀನೊಬ್ಬ ಹೇಳಿದ್ರೆ ನನಗೆ ಪರಿಹಾರ ಸಿಗುತ್ತೆ. ಕೆಲಸ ಹೋದ್ರೂ ಬದುಕಬಹುದು. ಹೇಳ್ತೀಯ ತಾನೆ?"

"ಹೇಳ್ತೀನಿ ಭಾವ," ಅಂದೆ.

ಅಕ್ಕ ಮಂಚದ ಆ ಬದಿಯಲ್ಲಿ ಕೂತಿದ್ದಳು. ಅವಳ ಕಣ್ಣು ನನ್ನ ಕಂಕುಳಲ್ಲಿದ್ದ ಹೂಗುಚ್ಛದ ಮೇಲಿತ್ತು. ಕಾರಿನಿಂದ ಇಳಿಯುವಾಗ ಅದನ್ನು ಬಿಟ್ಟು ಬರುವುದೂ ನನಗೆ ಹೊಳೆದಿರಲಿಲ್ಲ.

"ಇದನ್ನ ಯಾರು ಕೊಟ್ಟರು?"

"ಕಂಪನಿಯವರು."

ಅವಳು ಎದ್ದು ಭಾವನ ಹೊದಿಕೆ ಸರಿಮಾಡಿದಳು.

ಕಾರ್ಮಿಕ ಇಲಾಖೆಯ ವಿಚಾರಣೆ ಮೂರು ತಿಂಗಳ ಮೇಲೆ ಬಂತು. ಸಹಿ ಹಾಕಿದ್ದನ್ನು ಅಷ್ಟರೊಳಗೆ ನಾನು ಹೇಳಬಹುದಿತ್ತು. ದಿನಾ ನಾಳೆ ಅಂದೆ. ಮೂರನೇ ಮಹಡಿ, ಕೆಟ್ಟ ಲಿಫ್ಟು, ಉದ್ದನೆಯ ಮೇಜು. ಅಂತಿಮ ಸುತ್ತಿಗೆ ಹೊರಡಲು ನಾಲ್ಕು ದಿನವಿತ್ತು. ಭಾವ ಎಡಗೈಯಲ್ಲಿ ಕಂಬಿ ಹಿಡಿದು ಮೆಟ್ಟಿಲು ಹತ್ತಿ ಬಂದರು. ಫೋರ್ಮನ್ ಮೊದಲು ಎದ್ದು, ತಮ್ಮ ಕಣ್ಣು ಸರಿಯಿಲ್ಲವೆಂದು ಡಾಕ್ಟರ ಚೀಟಿ ಕೊಟ್ಟರು. ಅಧಿಕಾರಿ ನನ್ನ ಕಡೆ ತಿರುಗಿದರು.

"ನಿನ್ನ ಕಾರ್ಡನ್ನ ಇವರಿಗೆ ನೀನೇ ಕೊಟ್ಟೆಯಾ?"

ಭಾವ ನನ್ನನ್ನು ನೋಡುತ್ತಿದ್ದರು, ಪಂದ್ಯ ನೋಡುವವರ ಹಾಗೆ, ಈಗ ತಿರುಗುತ್ತಾನೆ, ಈಗ ತಿರುಗುತ್ತಾನೆ ಎಂದು.

"ಗೊತ್ತಿಲ್ಲ ಸಾರ್," ಅಂದೆ.

"ಗೊತ್ತಿಲ್ಲ ಅಂದ್ರೆ?"

"ಕೊಟ್ಟಿಲ್ಲ ಸಾರ್."

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರೆ. ಇಲ್ಲಿ ಬರೆ ಬಿದ್ದವನನ್ನೇ ಕಳ್ಳನೆಂದೂ ಬರೆದುಕೊಂಡರು: ತನ್ನದಲ್ಲದ ಪಾಳಿಯಲ್ಲಿ, ಅಪ್ಪಣೆಯಿಲ್ಲದೆ, ಬೇರೊಬ್ಬನ ಮೆಷಿನ್ ಮುಟ್ಟಿದ ಅತಿಕ್ರಮಿ. ಪರಿಹಾರಕ್ಕೆ ಅರ್ಹನಲ್ಲ. ಮೆಟ್ಟಿಲ ಹತ್ತಿರ ನಾನು ಭಾವನ ತೋಳು ಹಿಡಿಯಲು ಹೋದೆ. ಅವರು ಮೆಲ್ಲಗೆ ಬಿಡಿಸಿಕೊಂಡರು.

"ನೀನು ಮುಂದೆ ಹೋಗಪ್ಪ. ನಾವು ನಿಧಾನಕ್ಕೆ ಬರ್ತೀವಿ."

ಹನ್ನೆರಡು ವರ್ಷದಲ್ಲಿ ಭಾವ ನನ್ನನ್ನು ಮೂರನೆಯವರನ್ನು ಕರೆದ ಹಾಗೆ ಕರೆದದ್ದು ಅದೇ ಮೊದಲು.

ಅಂತಿಮ ಸುತ್ತಿನಲ್ಲಿ ಮೂರೂ ಪಂದ್ಯ ಸೋತೆವು. ಅದನ್ನು ಹೆಚ್ಚು ಬರೆಯುವುದಕ್ಕೇನಿಲ್ಲ. ಬುಗುರಿ ತಿರುಗಲಿಲ್ಲ ಎಂದು ಕಂಡಕ್ಟರ್ ಬೈದ. ನಾನೇಕೆ ತಿರುಗಲಿಲ್ಲ ಎಂದು ಅವನಿಗೆ ಹೇಳಲಿಲ್ಲ.

ಕಂಪನಿ ಹೊಸ ವರ್ಷದ ಕ್ಯಾಲೆಂಡರಿನಲ್ಲಿ ನನ್ನ ಫೋಟೋ ಹಾಕಿತು. ಅದೊಂದನ್ನು ಮೂರನೇ ಮೆಷಿನ್ನಿನ ಹಿಂದಿನ ಗೋಡೆಗೇ ತೂಗುಹಾಕಿದ್ದರು. ಸರಳು ಈಗ ಬಲಗಡೆ ಇತ್ತು, ಪೇಂಟು ಬಳಿದುಕೊಂಡು, ಯಾವಾಗಲೂ ಅಲ್ಲೇ ಇದ್ದ ಹಾಗೆ. ಎಡಗೈಯವನಾದ ನನ್ನ ಮುಂದೆ ಏನೂ ಇರಲಿಲ್ಲ. ಕಾಲು ಗಂಟೆಗೊಮ್ಮೆ ನನ್ನ ಕೈ ಆ ಬಾಯಿಯೊಳಗೆ ಹೋಗಿ ಬರುತ್ತಿತ್ತು. ಕೈ ಉಳಿಯಲಿ ಎಂದು ಮೈಯೆಲ್ಲಾ ಕಣ್ಣಾಗಿರುತ್ತಿದ್ದೆ. ಹದಿನಾರು ಗಂಟೆ ನಿಂತವನ ಮೈಯಲ್ಲಿ ಒಂದು ಕಣ್ಣೂ ಉಳಿದಿರಲಾರದು ಎನ್ನುವುದು ಪ್ರತಿ ಸಲವೂ ಗೊತ್ತಾಗುತ್ತಿತ್ತು. ಹಾಗೆ ಏಳು ತಿಂಗಳು.

ಎಂಟನೇ ತಿಂಗಳು ಕೂತು ಎಲ್ಲವನ್ನೂ ಬರೆದೆ. ಕಾರ್ಡು, ಫೋರ್ಮನ್, ಸರಳು, ಕಾರು, ಸಹಿ. ನಾಲ್ಕು ಹಾಳೆ. ಸಂಘದ ಕಾರ್ಯದರ್ಶಿ ಓದಿ ಕನ್ನಡಕ ತೆಗೆದರು.

"ಮೇಲ್ಮನವಿಯ ಗಡುವು ಮುಗಿದು ಎಷ್ಟೋ ಕಾಲ ಆಯ್ತು. ತಡವಾಯ್ತು ಅಂತ ಕೇಳ್ಕೊಂಡು ನೋಡಬಹ್ದು. ಆದ್ರೆ ಒಂದೇ ಬಾಯಲ್ಲಿ ಎರಡು ಮಾತು ಆಡಿದವನ ಸಾಕ್ಷಿಯನ್ನ ಯಾರಪ್ಪ ನಂಬ್ತಾರೆ? ಅವತ್ತು ಒಂದು ವಾಕ್ಯ ಹೇಳಿದ್ರೆ ಸಾಕಿತ್ತು. ಇವತ್ತು ನಾಲ್ಕು ಹಾಳೆಯೂ ಸಾಲದು."

ಅಕ್ಕನ ಮನೆಗೆ ಹೋದೆ. ಭಾವ ಮನೆಯಲ್ಲಿರಲಿಲ್ಲ, ಯಾವುದೋ ಗೋದಾಮಿನಲ್ಲಿ ಕಾವಲಿಗೆ ಸೇರಿದ್ದರಂತೆ. ಅಕ್ಕ ಹಾಳೆಗಳನ್ನು ನಿಂತೇ ಓದಿದಳು. ಮಡಿಸಿ ನನ್ನ ಕೈಗೇ ಕೊಟ್ಟಳು.

"ನನಗೆ ಯಾಕೆ ತೋರಿಸ್ತೀಯ? ನನಗೆ ಅವತ್ತೇ ಗೊತ್ತಿತ್ತು."

"ಏನು ಮಾಡ್ಲಿ ಅಕ್ಕ?"

"ನನ್ನ ಗಂಡನ್ನ ಕಳ್ಳ ಅಂತ ನಂಬಿರೋರು ಎಂಟುನೂರು ಜನ ಇದ್ದಾರಲ್ಲ, ಅವರ ಮುಂದೆ ಓದು. ಬೆರಳು ಬರಲ್ಲ, ಗೊತ್ತು. ಹೆಸರಾದ್ರೂ ಬರ್ಲಿ." ಬಾಗಿಲು ಹಾಕಲಿಲ್ಲ, ಒಳಕ್ಕೆ ಕರೆಯಲೂ ಇಲ್ಲ.

ಮರುದಿನ ಮಧ್ಯಾಹ್ನ ಎರಡಕ್ಕೆ ಪಾಳಿ ಬದಲಾಗುವ ಹೊತ್ತಿಗೆ ಕಾರ್ಖಾನೆಯ ಗೇಟಿನ ಎದುರು ಸೈಕಲ್ ನಿಲ್ಲಿಸುವ ಕಟ್ಟೆ ಹತ್ತಿ ನಿಂತೆ. ಅವತ್ತು ನಾನು ಕಾರ್ಡು ಒತ್ತಿರಲಿಲ್ಲ. ಒಳಗಿನವರು ಹೊರಗೆ ಬರುತ್ತಿದ್ದರು, ಹೊರಗಿನವರು ಒಳಗೆ ಹೋಗುತ್ತಿದ್ದರು. ಗೇಟಿನ ಕಾವಲುಗಾರ ಆಗಲೇ ಫೋನ್ ಎತ್ತಿದ್ದ. ನಾನು ಮೊದಲ ಹಾಳೆ ಓದತೊಡಗಿದೆ. ಎಲ್ಲರೂ ನಡೆಯುತ್ತಲೇ ಇದ್ದರು. ಒಬ್ಬ ನಿಂತ. ಅವನ ಹಿಂದಿನವನು ಡಿಕ್ಕಿ ಹೊಡೆದು ಬೈದು ಅವನೂ ನಿಂತ. ಹತ್ತು ಜನರಾದರು, ಮೂವತ್ತಾದರು. ನಾನು ಹಾಳೆಯಿಂದ ತಲೆ ಎತ್ತದೆ ಓದುತ್ತಿದ್ದೆ.

"ಏನ್ ಮಣ ಮಣ ಅಂತೀಯ?" ಹಿಂದಿನ ಸಾಲಿನಿಂದ ಐದನೇ ಮೆಷಿನ್ನಿನ ಹಳಬನೊಬ್ಬ ಕೂಗಿದ. "ಮೆಷಿನ್ ಸದ್ದಿಗೆ ನಮ್ಮ ಕಿವಿ ಹೋಗಿ ಎಷ್ಟು ವರ್ಷ ಆಯ್ತು ಗೊತ್ತಾ? ಜೋರಾಗಿ ಓದೋ! ಮೊದಲಿಂದ ಓದು!"

ಕಾವಲುಗಾರರಿಬ್ಬರು ಗೇಟು ದಾಟಿ ನನ್ನ ಕಡೆ ಬರುತ್ತಿದ್ದರು. ನಾನು ಮೊದಲ ಹಾಳೆಯನ್ನು ಮತ್ತೆ ಮೇಲಕ್ಕೆ ತೆಗೆದುಕೊಂಡು, ಭಾವನ ಹೆಸರಿನಿಂದ ಶುರುಮಾಡಿದೆ.